ಮುಖರ್ಜಿ ನಗರದಿಂದ ಒಂದು ಸೆಮಿಸ್ಟರ್

ಹೋದ ಭಾನುವಾರ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ಅಣ್ಣಾ, ನಾ ಗದಗಿನಾಕಿ ರೀ. ನಿಮ್ಮ ನಂಬರ್ ಸಂಘದಾಗ ಒಬ್ಬರು ಕೊಟ್ರು. ಜರ್ಮನಿಗೆ ಒಂದು ಸೆಮಿಸ್ಟರ್ ಓದಾಕ ಸೀಟ್ ಸಿಕ್ಕೈತ್ರಿ. ಹೋಗಬೇಕೋ ಬ್ಯಾಡೋ ತಿಳೀವಲ್ದು."

ಎಲ್ಲಿದ್ದೀಯಮ್ಮಾ ಎಂದು ಕೇಳಿದೆ. "ಮುಖರ್ಜಿ ನಗರದಾಗ ರೀ" ಎಂದಳು. ಮಾಡಬೇಕಿದ್ದ ಬಟ್ಟೆ ಒಗೆಯುವ ಕೆಲಸ ಬಿಟ್ಟು ಹೊರಟೆ. ಮೆಟ್ರೋ ಹಳದಿ ಲೈನಿನಲ್ಲಿ ಜಿ.ಟಿ.ಬಿ. ನಗರಕ್ಕೆ ಇಳಿದು ಇ-ರಿಕ್ಷಾ ಹತ್ತಿ ಬತ್ರಾ ಸಿನಿಮಾದ ಮುಂದೆ ಇಳಿದರೆ ಅದೇ ಜನ, ಅದೇ ಝೆರಾಕ್ಸ್ ಅಂಗಡಿಗಳು, ಗೋಡೆಯ ಮೇಲೆ ಪಾಸಾದವರ ಫೋಟೋಗಳ ಅದೇ ದೊಡ್ಡ ಬ್ಯಾನರುಗಳು.

ಈ ಜಾಗ ನೋಡದವರಿಗೆ ಒಂದು ಮಾತು. ದೆಹಲಿ ವಿಶ್ವವಿದ್ಯಾಲಯದ ನಾರ್ತ್ ಕ್ಯಾಂಪಸ್ಸಿನ ಪಕ್ಕದ ಈ ಬಡಾವಣೆಯಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುವವರು ತುಂಬಿಕೊಂಡಿದ್ದಾರೆ. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಹಿಂದಿ ಮಾಧ್ಯಮದ ಹುಡುಗರು. ಅವರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ನಮ್ಮವರು. 2018ರಲ್ಲಿ ನಾನೂ ಅಲ್ಲೇ ಇದ್ದೆ, ಪರೀಕ್ಷೆಗಲ್ಲ, ಇತಿಹಾಸದ ಎಂ.ಎ.ಗೆ. ಬಾಡಿಗೆ ಕಮ್ಮಿಯೆಂದು ಮೂರನೇ ಮಹಡಿಯ ಒಂದು ರೂಮು ಹಿಡಿದಿದ್ದೆ. ಜೊತೆಗೆ ರಾಯಚೂರಿನ ಒಬ್ಬ ಅಣ್ಣ. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಕೊನೆಯ ಅಟೆಂಪ್ಟಿಗೆ ಓದುತ್ತಿದ್ದರು. ರಾತ್ರಿ ನಾನು ಮಲಗಿದ ಮೇಲೂ ಪಂಪನನ್ನು ಪಿಸುಮಾತಿನಲ್ಲಿ ಓದಿಕೊಳ್ಳುತ್ತಿದ್ದರು.

ಆ ವರ್ಷ ನನಗೆ ಎರಾಸ್ಮಸ್ ವಿನಿಮಯದಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ಊರಿಗೆ ಹೋಗುವ ಅವಕಾಶ ಬಂತು. ಎರಾಸ್ಮಸ್ ಶುರುವಾದದ್ದು 1987ರಲ್ಲಿ. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಒಬ್ಬರ ದೇಶಕ್ಕೆ ಒಬ್ಬರು ಹೋಗಿ ಓದಿ ಬಂದರು. ಆಮೇಲೆ ಯುರೋಪಿನ ಹೊರಗಿನವರಿಗೂ ಬಾಗಿಲು ತೆರೆಯಿತು. ನಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಪ್ಪಂದವಿದ್ದರೆ ಅಲ್ಲಿ ಶುಲ್ಕ ಕಟ್ಟಬೇಕಿಲ್ಲ. ಖರ್ಚಿಗೆ ದೇಶ ನೋಡಿಕೊಂಡು ತಿಂಗಳಿಗೆ 800ರಿಂದ 900 ಯೂರೋ, ಪ್ರಯಾಣಕ್ಕೆ ದೂರದ ಲೆಕ್ಕದಲ್ಲಿ ಬೇರೆ ದುಡ್ಡು. ಕೇಳಿದರೆ ಎಲ್ಲ ಪುಕ್ಕಟೆ ಅನ್ನಿಸುತ್ತದೆ. ಆದರೆ ನನ್ನ ಮೊದಲ ಕಂತು ಬರುವುದು ಅಲ್ಲಿ ತಲುಪಿ ಬ್ಯಾಂಕ್ ಖಾತೆ ತೆರೆದ ಮೇಲೆ ಎಂದಿತ್ತು. ಟಿಕೆಟ್, ವೀಸಾ, ಇನ್ಶೂರೆನ್ಸ್, ಅಲ್ಲಿನ ರೂಮಿನ ಅಡ್ವಾನ್ಸ್, ಮೊದಲ ತಿಂಗಳ ಊಟ ಎಲ್ಲ ಸೇರಿ ಒಂದೂಕಾಲು ಲಕ್ಷ ಕೈಯಲ್ಲಿರಬೇಕಿತ್ತು.

ತಿಪಟೂರಿಗೆ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ತೋಟದಲ್ಲಿ ಕಾಯೇ ಇಲ್ಲ ಕಣಪ್ಪಾ. ಸೊಸೈಟೀಲಿ ಕೇಳ್ತೀನಿ" ಎಂದರು. ಅರವತ್ತು ಸಾವಿರ ಬಂತು. ನನ್ನ ಹತ್ತಿರ ಇಪ್ಪತ್ತೈದಿತ್ತು. ಇನ್ನೂ ನಲವತ್ತು ಬೇಕು. ಬೇಡ ಎಂದು ಪತ್ರ ಬರೆದುಬಿಡೋಣ ಅಂದುಕೊಂಡಿದ್ದೆ. ಅಣ್ಣ ಪುಸ್ತಕದಿಂದ ತಲೆ ಎತ್ತದೆಯೇ, "ತಮ್ಮಾ, ಎಷ್ಟ್ ಕಮ್ಮಿ ಬಿತ್ತು?" ಎಂದರು. ಮಾರನೇ ದಿನ ನಲವತ್ತು ಸಾವಿರ ನನ್ನ ಖಾತೆಗೆ ಬಂತು. ಎಲ್ಲಿಂದ ತಂದಿರಿ ಎಂದು ನಾನು ಕೇಳಲಿಲ್ಲ. ಈ ಮಾತು ನೆನಪಿರಲಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಸೆಪ್ಟೆಂಬರ್ ಕೊನೆಗೆ ಹೊರಟೆ. ಅಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ. ಮನೆ ಸಿಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆ ಕಾಗದ ಹಿಡಿದು ಬ್ಯಾಂಕು, ಆಮೇಲೆ ವಿದೇಶಿಯರ ಕಚೇರಿ. ಮುಖರ್ಜಿ ನಗರದ ಬ್ರೋಕರುಗಳನ್ನು ನೋಡಿದವನಿಗೆ ಇದೇನು ಕಷ್ಟವಾಗಲಿಲ್ಲ. ಕಷ್ಟವಾದದ್ದು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂದು ಗೊತ್ತಿಲ್ಲದೆ ಮೊದಲ ಭಾನುವಾರ ಒಂದು ಬಾಳೆಹಣ್ಣಿನಲ್ಲಿ ದಿನ ಕಳೆದೆ.

ಕ್ಲಾಸಿನಲ್ಲಿ ಇನ್ನೊಂದು ಪಾಡು. ಹತ್ತು ಗಂಟೆಯ ಪಾಠ ಹತ್ತೂಕಾಲಿಗೆ ಶುರುವಾಗುವುದು ಅಲ್ಲಿನ ಹಳೆಯ ಪದ್ಧತಿ. ಪಾಠ ಮುಗಿದಾಗ ಚಪ್ಪಾಳೆಯಿಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ನಾನೇನೋ ತಪ್ಪು ಮಾಡಿದೆನೇನೋ ಎಂದು ಹೆದರಿದ್ದೆ. ಎರಡನೇ ವಾರ ಸೆಮಿನಾರಿನಲ್ಲಿ ಮೇಡಂ ನನ್ನ ಅಭಿಪ್ರಾಯ ಕೇಳಿದರು. ಮೂವರು ವಿದ್ವಾಂಸರು ಏನು ಹೇಳಿದ್ದಾರೆಂದು ಒಪ್ಪಿಸಿದೆ. ಅವರು ಸಮಾಧಾನದಿಂದ, ಅದು ಪುಸ್ತಕದಲ್ಲಿದೆ, ನೀವು ಏನನ್ನುತ್ತೀರಿ ಎಂದರು. ನಾಲಿಗೆ ಒಣಗಿತು. ಹದಿನೇಳು ವರ್ಷ ಓದಿದ್ದೆ, ಈ ಪ್ರಶ್ನೆಗೆ ಉತ್ತರ ಕೊಟ್ಟು ಅಭ್ಯಾಸವೇ ಇರಲಿಲ್ಲ. ಜನವರಿ ಹೊತ್ತಿಗೆ ಒಂದೆರಡು ಮಾತು ಆಡಲು ಬಂತು. ಆ ಆರು ತಿಂಗಳಲ್ಲಿ ನಾನು ನಿಜವಾಗಿ ಕಲಿತದ್ದು ಅದೊಂದೇ ಎಂದರೂ ಸರಿ.

ಒಂಟಿತನಕ್ಕೆ ಮದ್ದು ಸಿಕ್ಕಿದ್ದು ಅನಿರೀಕ್ಷಿತವಾಗಿ. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೂ ಕನ್ನಡಕ್ಕೂ ನಂಟುಂಟು. ತುಳು ಜಾನಪದದ ಮೇಲೆ ಕೆಲಸ ಮಾಡಿದ ಹೈಡ್ರೂನ್ ಬ್ರೂಕ್ನರ್ ಅಲ್ಲಿ ಭಾರತ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು. ನಮ್ಮ ಬಿ.ಎ. ವಿವೇಕ ರೈ ಅತಿಥಿ ಪ್ರಾಧ್ಯಾಪಕರಾಗಿ ಹೋಗಿ ಜರ್ಮನ್ ಹುಡುಗ ಹುಡುಗಿಯರಿಗೆ ಕನ್ನಡ ಕಲಿಸಿದ್ದರು. ನಾನು ಹೋಗುವಷ್ಟರಲ್ಲಿ ಅವರಿಬ್ಬರ ಕಾಲ ಮುಗಿದಿತ್ತು. ಆದರೂ ಲೈಬ್ರರಿಯಲ್ಲಿ ಕನ್ನಡ ಪುಸ್ತಕದ ಬೆನ್ನು ಕಂಡಾಗ ಸುಮ್ಮನೆ ಮುಟ್ಟಿ ನಿಂತಿದ್ದೆ. ಅಣ್ಣನಿಗೆ ಹೇಳಿದೆ. "ಕಿಟ್ಟೆಲ್ ಐತೇನು ನೋಡು" ಎಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನ ಮೊದಲ ಪುಟದ ಫೋಟೋ ತೆಗೆದು ಕಳಿಸಿದೆ. ಕಿಟ್ಟೆಲ್ 1853ರಲ್ಲಿ ಇಪ್ಪತ್ತೊಂದು ವರ್ಷದ ಹುಡುಗನಾಗಿ ನಮ್ಮ ಕಡೆಗೆ ಹಡಗು ಹತ್ತಿ ಬಂದವರು, ಕೊನೆಗೆ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡವರು. ಅವರಿಗೆ ಸ್ಟೈಪೆಂಡ್ ಮೊದಲ ಕಂತು ಯಾವಾಗ ಬಂತೋ ಎಂದು ಇಬ್ಬರೂ ನಕ್ಕೆವು.

ಡಿಸೆಂಬರಿನಲ್ಲಿ ಮೇನ್ಸ್ ಫಲಿತಾಂಶ ಬಂತು. ಅಣ್ಣನ ನಂಬರ್ ಇರಲಿಲ್ಲ. ನನಗಿಲ್ಲಿ ಸಂಜೆ, ಅವರಿಗಲ್ಲಿ ನಡುರಾತ್ರಿಯ ಹತ್ತಿರ. "ಮುಗೀತ್ ನೋಡು ತಮ್ಮಾ. ರೂಮ್ ಬಿಡಾಕತ್ತೀನಿ. ನಿನ್ನ ಹಾಸಿಗಿ ಮ್ಯಾಲಿನ ಅಟ್ಟದಾಗ ಇಟ್ಟೀನಿ" ಎಂದಷ್ಟೇ ಹೇಳಿದರು. ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು, ರಾತ್ರಿಗೆ ಅನ್ನ ಬೇಳೆ ಮಾಡಿಕೊಂಡು ಜನವರಿಯಲ್ಲಿ ಅವರ ನಲವತ್ತು ಸಾವಿರ ವಾಪಸ್ ಮಾಡಿದೆ.

ಮಾರ್ಚ್ 16ರ ರಾತ್ರಿ ವ್ಯೂರ್ಟ್ಸ್‌ಬುರ್ಗಿನಲ್ಲಿ 9.20ರಿಂದ 9.40ರವರೆಗೆ ಚರ್ಚುಗಳ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತವೆ. 1945ರಲ್ಲಿ ಅದೇ ಹೊತ್ತಿಗೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿ ಹಳೆಯ ಊರಿನ ಬಹುಭಾಗ ಸುಟ್ಟುಹೋಗಿತ್ತು, ಸುಮಾರು 5,000 ಜನ ಸತ್ತಿದ್ದರು. ಮಾಯ್ನ್ ನದಿಯ ಹಳೆಯ ಸೇತುವೆ ಮೇಲೆ ನಿಂತು ಕೇಳಿದೆ. ಪಕ್ಕದಲ್ಲಿ ನಿಂತವರಾರೂ ಮಾತಾಡಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಯಾವ ಪಾಠವೂ ಹೀಗೆ ತಾಗಿರಲಿಲ್ಲ.

ವಾಪಸ್ ಬಂದ ಮೇಲೆ ಎರಡು ವಿಷಯ ಗೊತ್ತಾಯಿತು. ಮೊದಲನೆಯದು ನನ್ನ ತಪ್ಪು. ಹೋಗುವ ಮೊದಲು ಲರ್ನಿಂಗ್ ಅಗ್ರಿಮೆಂಟ್ ಎಂಬ ಕಾಗದಕ್ಕೆ ವಿದ್ಯಾರ್ಥಿ, ಇಲ್ಲಿನ ಕಾಲೇಜು, ಅಲ್ಲಿನ ಕಾಲೇಜು ಮೂವರೂ ಸಹಿ ಹಾಕಬೇಕು. ಅಲ್ಲಿ ಓದುವ ಯಾವ ಪೇಪರು ಇಲ್ಲಿನ ಯಾವ ಪೇಪರಿಗೆ ಸಮ ಎಂದು ಅದರಲ್ಲಿರುತ್ತದೆ. ನಾನು ಆರಿಸಿದ್ದ ಒಂದು ಸೆಮಿನಾರು ಆ ಸೆಮಿಸ್ಟರಿನಲ್ಲಿ ನಡೆಯಲೇ ಇಲ್ಲ, ಬದಲಿಗೆ ಬೇರೆಯದು ತೆಗೆದುಕೊಂಡೆ. ಬದಲಾವಣೆಯ ಪುಟಕ್ಕೆ ಇಲ್ಲಿಂದ ಸಹಿ ಹಾಕಿಸಲಿಲ್ಲ. ಇಲ್ಲಿ ಹೆಸರು ಹೊಂದುವುದಿಲ್ಲ ಎಂದು ಆ ಪೇಪರನ್ನು ಒಪ್ಪಲಿಲ್ಲ. ಸಾಲದ್ದಕ್ಕೆ ಅಲ್ಲಿ 1.0 ಅತ್ಯುತ್ತಮ, 4.0ಕ್ಕೆ ಪಾಸು. ನನ್ನ 1.7 ನೋಡಿ ಗುಮಾಸ್ತರು ಅನುಮಾನದಿಂದ ಮುಖ ನೋಡಿದರು. ಮರುವರ್ಷ ಆ ಪೇಪರು ಬರೆದೆ. ಸಂಶೋಧನೆಗೆ ಅರ್ಜಿ ಹಾಕುವುದು ಒಂದು ವರ್ಷ ತಡವಾಯಿತು.

ಎರಡನೆಯದನ್ನು ಪಕ್ಕದ ರೂಮಿನ ಹುಡುಗ ಹೇಳಿದ. ಆ ನಲವತ್ತು ಸಾವಿರ ಅಣ್ಣ ಮೇನ್ಸ್ ಟೆಸ್ಟ್ ಸೀರೀಸಿಗೆಂದು ಇಟ್ಟಿದ್ದರಂತೆ. ಅದಕ್ಕೆ ಸೇರದೆ ಯಾರದೋ ಹಳೆಯ ಝೆರಾಕ್ಸ್ ಇಟ್ಟುಕೊಂಡು ಓದಿದರಂತೆ. ರಾಯಚೂರಿಗೆ ಫೋನ್ ಮಾಡಿ ಕೇಳಿದೆ. "ಟೆಸ್ಟ್ ಬರದೋರೆಲ್ಲಾ ಪಾಸಾಗ್ಯಾರೇನು? ಸುಮ್ನಿರು" ಎಂದರು. ಈಗ ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಾನು ಸುಮ್ಮನಿದ್ದೇನೆ, ಆದರೆ ಪ್ರಶ್ನೆ ಸುಮ್ಮನಾಗಿಲ್ಲ.

ಗದಗಿನ ಹುಡುಗಿಗೆ ಚಹಾ ಅಂಗಡಿಯ ಬೆಂಚಿನ ಮೇಲೆ ಇದನ್ನೆಲ್ಲ ಹೇಳಿದೆ. ಹೋಗು ಎಂದೆ, ಎರಡು ಸಲ ಎಂದೆ. ಪೇಪರಿನ ಹೆಸರುಗಳನ್ನು ಹೋಗುವ ಮೊದಲೇ ಹೊಂದಿಸಿಕೋ, ಅಲ್ಲಿ ಏನೇ ಬದಲಾದರೂ ಆ ವಾರವೇ ಇಲ್ಲಿಂದ ಸಹಿ ತರಿಸಿಕೋ. ವೀಸಾಕ್ಕೆ ತೋರಿಸಬೇಕಾದ ಹಣ 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ. ನನ್ನ ಕಾಲದಲ್ಲಿ 720 ಇತ್ತು, ಸ್ಟೈಪೆಂಡಿನ ಪತ್ರವೇ ಸಾಕಾಗಿತ್ತು. ಈಗ ನಿನ್ನ ಸ್ಟೈಪೆಂಡ್ ಅದಕ್ಕಿಂತ ಕಮ್ಮಿಯಿದ್ದರೆ ಉಳಿದದ್ದಕ್ಕೆ ದಾರಿ ತೋರಿಸಬೇಕು. ಮೊದಲ ಕಂತು ಮುಂಗಡ ಕೊಡುತ್ತೀರಾ ಎಂದು ಅಲ್ಲಿನ ಕಚೇರಿಗೆ ಇವತ್ತೇ ಬರೆ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಎಲ್ಲ ಬರೆದುಕೊಂಡಳು. ಕೊನೆಗೆ ನಾನು ಅಂದು ಕೇಳದೇ ಬಿಟ್ಟದ್ದನ್ನು ಕೇಳಿದೆ. "ಟಿಕೆಟ್ ದುಡ್ಡು ಯಾರು ಕೊಡ್ತಿದ್ದಾರಮ್ಮಾ? ಏನು ಬಿಟ್ಟು ಕೊಡ್ತಿದ್ದಾರೆ?"

ಪೆನ್ನು ನಿಂತಿತು. "ಅವ್ವ ರೀ. ಬಂಗಾರ ಅಡ ಇಡ್ತೀನಿ ಅಂದಾಳ. ತಂಗಿ ಮದುವಿಗಿ ಇಟ್ಟದ್ದು."

ಬಂಗಾರ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ, ಅವ್ವನಿಗೆ ಇವತ್ತೇ ಫೋನ್ ಮಾಡಿ ಹಾಗೆಂದು ಹೇಳು ಎಂದೆ. ಟಿಕೆಟ್ಟಿನ ಮಟ್ಟಿಗೆ ದೆಹಲಿಯ ನಾಲ್ಕೈದು ಕನ್ನಡದವರು ಸೇರಿದರೆ ಆದೀತು, ಸ್ಟೈಪೆಂಡ್ ಬಂದಮೇಲೆ ತೀರಿಸಲಿ. ರಾತ್ರಿ ಅಣ್ಣನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ನನ್ನ ಹೆಸರ್ಲೆ ಐದ್ ಸಾವಿರ ಬರಕೋ" ಎಂದರು. ಈ ಸಲ ಎಲ್ಲಿಂದ ಎಂದು ಕೇಳಿದೆ. "ಸಂಬಳ ಬಂದೈತೋ ಮಾರಾಯಾ" ಎಂದು ನಕ್ಕರು. ಮುಂದಿನ ಭಾನುವಾರ ಅಗ್ರಿಮೆಂಟ್ ಕಾಗದ ಹಿಡಿದು ಅವಳು ನಮ್ಮ ಮನೆಗೆ ಬರುತ್ತಾಳೆ. ಪೇಪರಿನ ಹೆಸರುಗಳನ್ನು ಒಂದೊಂದಾಗಿ ಹೊಂದಿಸಲು ಕೂರಬೇಕು.