ಯಂತ್ರದ ಗಂಟೆ, ಊರಿನ ಗಂಟೆ

ವಾಚಕರಲ್ಲಿ ಅನೇಕರ ಮಕ್ಕಳೋ ಒಡಹುಟ್ಟಿದವರೋ ಸಮುದ್ರದಾಚೆ ನೆಲಸಿರುವರಾದುದರಿಂದ, ಈ ತಿಂಗಳು ಗಣಕಯಂತ್ರದ ಗಡಿಯಾರದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಇದಕ್ಕೆ ಕಾರಣವಾದುದು ನನ್ನದೇ ಒಂದು ಅವಿವೇಕ.

ನಮ್ಮ ದೊಡ್ಡಕ್ಕನು ಎಂಬತ್ತು ದಾಟಿದವಳು; ಮಗನೊಡನೆ ಚಿಕಾಗೋ ನಗರದಲ್ಲಿರುವಳು. ಕಾಯಿಲೆ ಬಿದ್ದೆದ್ದ ಮೇಲೆ ಅವಳಿಗೆ ಬೆಳಗಿನ ಹೊತ್ತು ಒಂದೆರಡು ಗಂಟೆ ಮಾತ್ರವೇ ನೆನಪೂ ಮಾತೂ ತಿಳಿಯಾಗಿರುವುವು. ಜ್ಯೇಷ್ಠಮಾಸದ ಒಂದು ಭಾನುವಾರ ಅವಳನ್ನು ಯಂತ್ರದ ಮುಂದೆ ಕೂರಿಸಿ ನಮ್ಮೊಡನೆ ಮುಖಾಮುಖಿಯಾಗಿ ಮಾತನಾಡಿಸುವೆನೆಂದು ಸೋದರಳಿಯನು ಆಮಂತ್ರಣ ಕಳುಹಿಸಿದನು. ನಮ್ಮ ಲ್ಯಾಪ್‌ಟಾಪಿನಲ್ಲಿ ಅದು ‘ಬೆಳಿಗ್ಗೆ 9 ಗಂಟೆ’ ಎಂದು ಕಾಣಿಸಿತು. ಮನೆಯವರೆಲ್ಲರೂ ಸ್ನಾನ ಮುಗಿಸಿ ಎಂಟೂವರೆಗೇ ಕುಳಿತೆವು. ಹನ್ನೊಂದಾದರೂ ಯಾರೂ ಕಾಣಿಸಲಿಲ್ಲ. ಮರೆತಿರಬೇಕೆಂದು ಯಂತ್ರವನ್ನು ಮುಚ್ಚಿಟ್ಟು, ಸಾಯಂಕಾಲ ಒಂದು ಆರತಕ್ಷತೆಗೆ ಹೊರಟುಹೋದೆವು. ರಾತ್ರಿ ಬಂದು ನೋಡಲಾಗಿ ಫೋನಿನಲ್ಲಿ ಏಳು ಕರೆಗಳು! ಸಂಜೆ ಏಳೂವರೆಗೆ, ಎಂದರೆ ಅವರ ಬೆಳಗಿನ ಒಂಬತ್ತಕ್ಕೆ, ಅಕ್ಕನು ರೇಷ್ಮೆ ಸೀರೆಯುಟ್ಟು ಬಂದು ಒಂದು ಗಂಟೆಯ ಕಾಲ ಬರಿಯ ಕಪ್ಪು ಪರದೆಯನ್ನು ನೋಡುತ್ತ ಕುಳಿತಿದ್ದಳಂತೆ.

ತಪ್ಪು ಎಲ್ಲಾಯಿತು? ಆ ಲ್ಯಾಪ್‌ಟಾಪು ಸೋದರಳಿಯನು ಚಿಕಾಗೋದಲ್ಲಿ ಬಳಸಿ, ಊರಿಗೆ ಬಂದಾಗ ನಮಗೆ ಕೊಟ್ಟುಹೋದುದು. ಅದರ ಗಡಿಯಾರವು ಹತ್ತೂವರೆ ಗಂಟೆ ಹಿಂದಿರುವುದನ್ನು ಕಂಡು, ವೇಳೆಯನ್ನು ತಾನಾಗಿ ಹೊಂದಿಸಿಕೊಳ್ಳುವ ಏರ್ಪಾಡನ್ನು ನಿಲ್ಲಿಸಿ, ಗೋಡೆಯ ಗಡಿಯಾರದ ಮುಳ್ಳನ್ನು ತಿರುಗಿಸುವಂತೆ ನಾನೇ ಕೈಯಿಂದ ಗಂಟೆಯನ್ನು ಮುಂದಕ್ಕೆ ತಳ್ಳಿದ್ದೆನು. ಗಂಟೆಯೇನೋ ಸರಿಯಾಗಿ ಕಂಡಿತು. ಯಂತ್ರವು ಮಾತ್ರ ತಾನಿನ್ನೂ ಚಿಕಾಗೋದಲ್ಲಿರುವೆನೆಂದೇ ನಂಬಿಕೊಂಡಿದ್ದಿತು. ಆದಕಾರಣ ಆಮಂತ್ರಣದ ವೇಳೆಯನ್ನು ಆ ಊರಿನ ಲೆಕ್ಕದಲ್ಲಿಯೇ ತೋರಿಸಿತು.

ಗಣಕಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮು ತನ್ನೊಳಗೆ ಎಣಿಸುವುದು ಲೋಕಕ್ಕೆಲ್ಲ ಸಮಾನವಾದ ಒಂದೇ ಕಾಲವನ್ನು. ಇದಕ್ಕೆ ಯು.ಟಿ.ಸಿ. ಎಂದು ಹೆಸರು. ಲಿನಕ್ಸ್ ಮೊದಲಾದವುಗಳಲ್ಲಿ ಈ ಎಣಿಕೆಯು 1970ನೆಯ ಜನವರಿ 1ರ ಮೊದಲ ಕ್ಷಣದಿಂದ ಸೆಕೆಂಡುಗಳ ಲೆಕ್ಕದಲ್ಲಿ ನಡೆಯುವುದು. ನಮಗೆ ಕಾಣುವ ಗಂಟೆಯು ಆ ಎಣಿಕೆಗೆ ಊರಿನ ಅಂತರವನ್ನು ಕೂಡಿಸಿಯೋ ಕಳೆದೋ ಬಂದ ಫಲ. ನಮ್ಮ ಜ್ಯೌತಿಷದಲ್ಲಿ ದೇಶಾಂತರಸಂಸ್ಕಾರವೆಂಬುದು ಇದೇ ಅಲ್ಲವೆ? ಸೂರ್ಯಸಿದ್ಧಾಂತವು ಲಂಕೆ, ಅವಂತಿಗಳ ಮೇಲೆ ಹಾಯುವ ರೇಖೆಯನ್ನು ಮಧ್ಯವೆಂದಿಟ್ಟುಕೊಂಡು, ಬೇರೆ ಊರುಗಳಿಗೆ ಅಂತರವನ್ನು ಹೇಳುವುದು. ಪಂಚಾಂಗಕರ್ತನು ಊರಿಗೊಬ್ಬ ಸೂರ್ಯನನ್ನು ಇಟ್ಟುಕೊಂಡಿಲ್ಲ. ನಾನಾದರೋ ಅಂತರವನ್ನು ತಿದ್ದುವ ಬದಲು ಸೂರ್ಯನನ್ನೇ ತಳ್ಳಿದ್ದೆನು!

ನಮ್ಮ ದೇಶಕ್ಕೆ ಈ ಅಂತರವು ಐದೂವರೆ ಗಂಟೆ. ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯನ್ನು ಹಿಡಿದು 1906ನೆಯ ಜನವರಿ 1ರಿಂದ ಗೊತ್ತಾದುದು. ಬೆಂಗಳೂರಿನ ಸ್ವಂತ ಸೂರ್ಯನು ಇದಕ್ಕಿಂತ ಸುಮಾರು 20 ನಿಮಿಷ ಹಿಂದು.

ಅಂತರವು ಒಂದು ಅಂಕೆಯೇ ಆದರೆ ಯಂತ್ರವು ಊರಿನ ಹೆಸರನ್ನೇಕೆ ಕೇಳುವುದೆಂದು ಕೆಲವರು ಶಂಕಿಸಬಹುದು. ಚಿಕಾಗೋ ಬೇಸಗೆಯಲ್ಲಿ ಯು.ಟಿ.ಸಿ.ಗಿಂತ 5 ಗಂಟೆ ಹಿಂದು, ಚಳಿಗಾಲದಲ್ಲಿ 6 ಗಂಟೆ. ಅಲ್ಲಿ 2007ರಿಂದ ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರವನ್ನು ಮುಂದಕ್ಕೂ ನವಂಬರಿನ ಮೊದಲನೆಯ ಭಾನುವಾರ ಹಿಂದಕ್ಕೂ ಇಡುವ ಕ್ರಮವುಂಟು. ಬರಿಯ ಅಂಕೆಯನ್ನು ಹಿಡಿದವನು ವರ್ಷದಲ್ಲಿ ಕೆಲವು ತಿಂಗಳು ತಪ್ಪುವನು. ಆದುದರಿಂದ ಒಂದೊಂದು ಪ್ರದೇಶದ ಹಿಂದಿನ ಇಂದಿನ ಕ್ರಮಗಳನ್ನೆಲ್ಲ ಊರಿನ ಹೆಸರಿನ ಕೆಳಗೆ ಬರೆದಿಟ್ಟ ಪಟ್ಟಿಯುಂಟು. ಲಿನಕ್ಸಿನಲ್ಲಿ ನಮ್ಮದು ‘ಏಷ್ಯಾ/ಕೋಲ್ಕತಾ’. ಹಳೆಯ ‘ಏಷ್ಯಾ/ಕಲ್ಕತ್ತಾ’ ಎಂಬುದನ್ನೂ ಅದು ಅರ್ಥಮಾಡಿಕೊಳ್ಳುವುದು. ಬೆಂಗಳೂರಿನ ಹೆಸರಿಲ್ಲವೆಂದು ಕೋಪಿಸಿಕೊಳ್ಳಬೇಕಾಗಿಲ್ಲ, ಒಂದೇ ಕಾಲವನ್ನನುಸರಿಸುವ ಸೀಮೆಗೆ ಒಂದೂರಿನ ಹೆಸರು ಸಾಕು. ಸರಕಾರಗಳು ಕ್ರಮವನ್ನು ಬದಲಾಯಿಸಿದಾಗ ಪಟ್ಟಿಯ ತಿದ್ದುಪಡಿಯು ಅಪ್‌ಡೇಟಿನೊಡನೆ ಬರುವುದು. ಅದನ್ನು ನಾಳೆ ನಾಳೆ ಎಂದು ಮುಂದೂಡಬಾರದು.

ಜಾತಕ ನೋಡುವವರಿಗೆ ಒಂದು ಮಾತು. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ನಮ್ಮ ದೇಶದ ಗಡಿಯಾರವೂ ಒಂದು ಗಂಟೆ ಮುಂದಿದ್ದಿತು. ನಮ್ಮ ಅಕ್ಕನು ಹುಟ್ಟಿದುದು 1944ರಲ್ಲಿ. ತಂದೆಯವರು ಬರೆದಿಟ್ಟುದು ಗಡಿಯಾರದ ವೇಳೆ. ಇದನ್ನರಿಯದೆ ಗಣಿಸಿದರೆ ಲಗ್ನವೇ ಬೇರೆಯಾದೀತು. ಮೇಲೆ ಹೇಳಿದ ಪಟ್ಟಿಯಲ್ಲಿ ಇದೂ ದಾಖಲಾಗಿದೆ.

ಇನ್ನು ಮಾಡತಕ್ಕದ್ದು. ವಿಂಡೋಸ್ ಯಂತ್ರದಲ್ಲಿ ‘ಸೆಟ್ಟಿಂಗ್ಸ್’ ತೆರೆದು, ‘ಟೈಂ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಡೇಟ್ ಅಂಡ್ ಟೈಂ’ ಎಂಬಲ್ಲಿಗೆ ಹೋಗಿರಿ. ‘ಟೈಂ ಜೋನ್’ ಎಂಬಲ್ಲಿ ಚೆನ್ನೈ, ಕೋಲ್ಕತಾ, ಮುಂಬಯಿ, ದೆಹಲಿಗಳ ಹೆಸರುಳ್ಳ ಸಾಲನ್ನು ಆರಿಸಿರಿ. ವೇಳೆಯನ್ನು ತಾನಾಗಿ ಹೊಂದಿಸುವ ಗುಂಡಿಯು ಚಾಲೂ ಇರಲಿ. ನಾನು ಹೀಗೆ ಮಾಡಿದಾಗ ಗಡಿಯಾರದ ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಆದರೆ ಹಳೆಯ ಆಮಂತ್ರಣವು ನನ್ನ ಕಣ್ಣೆದುರಿಗೇ ಬೆಳಗಿನ 9ರಿಂದ ಸಂಜೆಯ 7-30ಕ್ಕೆ ಇಳಿದು ಕುಳಿತಿತು.

ನಡುವೆ ಅಕ್ಕನಿಗೆ ಮತ್ತೆ ಜ್ವರ ಬಂದು, ಎರಡನೆಯ ಸಲ ಕೂಡಲು ಮೂರು ವಾರ ಹಿಡಿಯಿತು. ನನ್ನ ಮುಖ ಕಂಡೊಡನೆ ಅವಳು, “ಏನೋ, ತಡವಾಗಿ ಬಂದ ಹುಡುಗರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟ್ರು ನೀನೇ ಅಲ್ಲವೇನೋ?” ಎಂದಳು. ಆಮೇಲೆ ಹಿತ್ತಿಲ ಹಲಸಿನ ಮರ ಈ ವರ್ಷ ಕಾಯಿ ಬಿಟ್ಟಿತೆ ಎಂದು ಕೇಳಿದಳು. ಈಗ ಪ್ರತಿ ಭಾನುವಾರವೂ ಕೂಡುತ್ತಿದ್ದೇವೆ. ನವಂಬರಿನಲ್ಲಿ ಅವರ ಒಂಬತ್ತು ಗಂಟೆಯು ನಮಗೆ ರಾತ್ರಿ ಎಂಟೂವರೆಯಾಗುವುದು. ಆಗ ಭಾನುವಾರದ ಊಟವನ್ನು ಎಂಟರೊಳಗೇ ಮುಗಿಸಬೇಕೆಂದು ಮನೆಯಾಕೆಯು ಈಗಲೇ ಗೊತ್ತುಮಾಡಿರುವಳು.