ಅವರೆಕಾಳಿನ ಪಾಠ

ನಮ್ಮ ಪುಟ್ಟಿ ಶಿಶುವಿಹಾರಕ್ಕೆ ಹೋಗತೊಡಗಿ ಮೂರು ತಿಂಗಳಾದರೂ ಅವಳಿಗೆ ‘ಅ’ಕಾರದ ಪರಿಚಯವಾಗಿಲ್ಲವೆಂಬುದು ಕನ್ನಡದ ಅಧ್ಯಾಪಕನಾದ ನನಗೆ ಸಣ್ಣ ಸಂಕಟವಾಗಿರಲಿಲ್ಲ. ಆದುದರಿಂದ ಕಳೆದ ವಾರ ಪ್ರತಿ ಸಂಜೆಯೂ “ಇವತ್ತು ಏನು ಕಲಿತೆ?” ಎಂದು ಕೇಳುವ ನಿಯಮವನ್ನಿಟ್ಟುಕೊಂಡೆ.

ಸೋಮವಾರದ ಉತ್ತರ: “ಅವರೆಕಾಳು ನೆನೆಹಾಕಿದೆವು.” ಮಂಗಳವಾರ ಗಾಜಿನ ಲೋಟದ ಒಳಮೈಗೆ ಒದ್ದೆಯ ಒತ್ತುಕಾಗದವನ್ನು ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಆ ಕಾಳುಗಳನ್ನಿರಿಸಿದರಂತೆ. ಒಂದು ಕಾಳು ಪುಟ್ಟಿಯ ಮುಷ್ಟಿಯಲ್ಲಿ ಮನೆಗೂ ಬಂದು, ತುಳಸಿಯ ಪಕ್ಕದ ಹಳೆಯ ಡಬ್ಬಿಯ ಮಣ್ಣನ್ನು ಸೇರಿತು. ಬುಧವಾರ ಹೊಂಗೆಯೆಲೆಗಳ ಎಣಿಕೆ. ಒಂದು ಕಡ್ಡಿಯಲ್ಲಿ ಐದು, ಇನ್ನೊಂದರಲ್ಲಿ ಏಳು. ಎರಡೆರಡಾಗಿ ಜೊತೆಗೂಡಿಸಿದರೆ ತುದಿಯದು ಒಂಟಿ. ಸಮ-ಬೆಸಗಳ ಹೆಸರರಿಯದೆಯೇ ಅವುಗಳ ಮರ್ಮ ಮಕ್ಕಳಿಗೆ ತಿಳಿದಿತ್ತು. ಗುರುವಾರ ಬೆಲ್ಲದ ಚೂರಿಗೆ ಮುತ್ತಿದ ಇರುವೆಗಳ ಸಾಲು. “ಅವು ಎದುರಾದಾಗ ಮೀಸೆ ಮುಟ್ಟಿ ಮಾತಾಡುತ್ತವೆ ಅಪ್ಪಾ!”

ನಾನು ಕೇಳಿದೆ: “ಅದಿರಲಿ, ಅಕ್ಷರ?”

ಶುಕ್ರವಾರ ಸಂಜೆಗೆ ನನ್ನ ತಾಳ್ಮೆ ತೀರಿತು. ಡಬ್ಬಿಯಲ್ಲಿ ಚಿಗುರಿನ ಸುಳಿವಿರಲಿಲ್ಲ. “ಸ್ವಲ್ಪ ಕಾಯಬಾರದೇನ್ರೀ?” ಎಂದು ಶ್ರೀಮತಿ ಎಚ್ಚರಿಸಿದರೂ ಕೇಳದೆ, ಕಾಳು ಕೊಳೆತಿದೆಯೆಂದು ತೋರಿಸಲು ಪೆನ್ಸಿಲಿನಿಂದ ಮಣ್ಣನ್ನು ಕೆದಕಿದೆ. ಅದು ಕೊಳೆತಿರಲಿಲ್ಲ. ಬಿಳಿಯ ಬೇರನ್ನಿಳಿಸಿ, ಬೆನ್ನು ಬಾಗಿಸಿ ಮೇಲೇಳುತ್ತಿದ್ದ ಮೊಳಕೆ ಪೆನ್ಸಿಲಿನ ಮೊನೆಗೆ ಸಿಕ್ಕಿ ಎರಡು ತುಂಡಾಯಿತು. ಪುಟ್ಟಿ ಗಟ್ಟಿಯಾಗಿ ಅಳಲಿಲ್ಲ. ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಿಯ ಬಳಿಗೆ ಹೋದಳು. ಆ ರಾತ್ರಿ ಅವಳು ನನ್ನ ಪಕ್ಕದಲ್ಲಿ ಊಟಕ್ಕೆ ಕೂರಲಿಲ್ಲ.

ಶನಿವಾರ ದೂರಲೆಂದು ಹೊರಟಿದ್ದವನು ಇನ್ನೊಂದು ಕಾಳನ್ನು ಬೇಡಲು ಶಾಲೆಗೆ ಹೋದೆ. ಉಪಾಧ್ಯಾಯಿನಿ ಕಿಟಕಿಯ ಬಳಿಯಿದ್ದ ಲೋಟವನ್ನು ತೋರಿಸಿದರು. ಗುರುವಾರ ಅದನ್ನು ಅಡ್ಡಲಾಗಿ ಮಲಗಿಸಿದ್ದರು. ನೆಟ್ಟಗೆ ಬೆಳೆದಿದ್ದ ಬೇರುಗಳೆಲ್ಲ ಈಗ ತುದಿಯನ್ನು ನೆಲದ ಕಡೆಗೆ ತಿರುಗಿಸಿದ್ದವು. ದಾರಿ ತೋರಿದವರಾರೂ ಇಲ್ಲದೆ, ಕೆಳಗೆ ಯಾವುದೆಂದು ಅವು ಅರಿತಿದ್ದವು.

“ಗಾಜೇಕೆ? ಮಣ್ಣಿನಲ್ಲಿಯೇ ಬಿತ್ತಬಹುದಲ್ಲ?” ಎಂದೆ.

“ಒಳಗೆ ನಡೆಯುವುದು ಕಾಣದಿದ್ದರೆ ಮಕ್ಕಳು ಅಗೆದು ನೋಡಿಬಿಡುತ್ತಾರೆ ಸಾರ್,” ಎಂದು ಅವರು ನಕ್ಕರು.

ಅಗೆಯುವವರು ಮಕ್ಕಳು ಮಾತ್ರವಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಈ ಪಾಠ ಹೊಸದೇನೂ ಅಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟನು. ‘ಮಕ್ಕಳ ತೋಟ’ವೆಂಬುದೇ ಅದರ ಅರ್ಥ. ರವೀಂದ್ರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನಾರಂಭಿಸಿ, ಪಾಠವನ್ನು ಮರದ ನೆರಳಿಗೆ ತಂದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಕಟ್ಟಿದ ತಾಣದ ಹೆಸರು ‘ಬಾಲವನ’. ತೋಟ, ನೆರಳು, ವನ! ಈ ಹಿರಿಯರನ್ನು ಕುರಿತು ತರಗತಿಯಲ್ಲಿ ಭಾಷಣ ಮಾಡಬಲ್ಲ ನಾನು, ಒಂದು ಕಾಳನ್ನು ನಾಲ್ಕು ದಿನ ನಂಬಲಾರದೆ ಹೋದೆ. ದಿನವೂ ಸಂಜೆ ಮಗುವನ್ನು ಪ್ರಶ್ನಿಸುತ್ತಿದ್ದುದು ಕೂಡ ಪೆನ್ಸಿಲಿನ ಮೊನೆಯೇ ಅಲ್ಲವೆ?

ಭಾನುವಾರ ಹೊಸ ಕಾಳನ್ನು ಬಿತ್ತಿದೆವು. ನೀರೆರೆದ ಮೇಲೆ ಪುಟ್ಟಿ ಒಂದು ರಟ್ಟಿನ ತುಂಡನ್ನು ತಂದು, “ಅಪ್ಪಾ, ‘ಮುಟ್ಟಬೇಡಿ’ ಎಂದು ಹೇಗೆ ಬರೆಯುವುದು?” ಎಂದು ಕೇಳಿದಳು. ನಾನು ಬರೆದು ತೋರಿಸಿದೆ. ಅವಳು ನಾಲಿಗೆ ಕಚ್ಚಿಕೊಂಡು ತಿದ್ದಿದಳು. ಒತ್ತಕ್ಷರ ಪಕ್ಕಕ್ಕೆ ಜಾರಿತು. ‘ಡಿ’ಯ ಗುಡಿಸು ಹಾರಿಹೋಯಿತು. ಆದರೂ ಓದಲು ಬರುತ್ತಿತ್ತು.

ನನ್ನ ಮಗಳು ಬರೆದ ಮೊದಲ ಮಾತು ಅದು. ಯಾರನ್ನುದ್ದೇಶಿಸಿ ಬರೆದಳೆಂಬುದನ್ನು ಮನೆಯವರಾರೂ ಕೇಳಲಿಲ್ಲ.