ಬೃಹತ್ ಸಿವಿಲ್ ದಾವೆಗಳಲ್ಲಿ ದಾಖಲೆಗಳ ಗಣಕೀಕೃತ ಶೋಧನೆ: ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಮೈಸೂರು ನಗರದ ಮೇಟಗಳ್ಳಿಯು ಹಿಂದೆ ಗ್ರಾಮವಾಗಿದ್ದು, ಕಾಲಕ್ರಮೇಣ ಕೈಗಾರಿಕಾ ಪ್ರದೇಶ ಹಾಗೂ ವಸತಿ ಬಡಾವಣೆಗಳಾಗಿ ಮಾರ್ಪಟ್ಟಿರುತ್ತದೆ. ಇಂತಹ ಸ್ಥಳಗಳ ಜಮೀನಿಗೆ ಸಂಬಂಧಿಸಿದ ವಿಭಾಗ ದಾವೆ ಹಾಗೂ ಭೂಸ್ವಾಧೀನ ಪರಿಹಾರ ಪ್ರಕರಣಗಳಲ್ಲಿ ಎರಡು ಮೂರು ತಲೆಮಾರುಗಳ ಪಹಣಿ, ಮ್ಯುಟೇಷನ್, ಆಕಾರಬಂದ್, ನೋಂದಾಯಿತ ಪತ್ರ ಹಾಗೂ ಅಧಿಸೂಚನೆಗಳು ಬೇಕಾಗುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 14ನೇ ನಿಯಮದನ್ವಯ ವಾದಿಯು ತಾನು ಆಧರಿಸುವ ದಾಖಲೆಗಳನ್ನು ವಾದಪತ್ರದೊಂದಿಗೇ ಹಾಜರುಪಡಿಸತಕ್ಕದ್ದು. ತಡವಾದಲ್ಲಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. ಆದುದರಿಂದ ಸಕಾಲದಲ್ಲಿ ದೊರೆಯದ ಒಂದು ಹಾಳೆಯಿಂದ ಕುಟುಂಬವೊಂದರ ಹಕ್ಕಿಗೇ ಧಕ್ಕೆ ಉಂಟಾಗಬಹುದು.

ದಾಖಲೆಗಳ ರಾಶಿಯನ್ನು ಪರಿಶೀಲಿಸಲು ಹೊರದೇಶಗಳ ನ್ಯಾಯಾಲಯಗಳು ತಂತ್ರಾಂಶದ ನೆರವಿಗೆ ಅನುಮತಿ ನೀಡಿರುತ್ತವೆ. ಅಮೆರಿಕದಲ್ಲಿ 2012ರಲ್ಲಿಯೂ, ಇಂಗ್ಲೆಂಡಿನ ಹೈಕೋರ್ಟಿನಲ್ಲಿ 30 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದ ಪ್ರಕರಣವೊಂದರಲ್ಲಿ 2016ರಲ್ಲಿಯೂ ಇಂತಹ ಅನುಮತಿ ದೊರೆತಿದೆ. ವಕೀಲರು ಮೊದಲು ಕೆಲವು ದಾಖಲೆಗಳನ್ನು ಓದಿ, ಪ್ರಕರಣಕ್ಕೆ ಸಂಬಂಧಿಸಿದವು ಯಾವುವು ಎಂದು ಗುರುತಿಸುತ್ತಾರೆ. ಅದನ್ನು ಆಧರಿಸಿ ತಂತ್ರಾಂಶವು ಉಳಿದವುಗಳನ್ನು ವಿಂಗಡಿಸುತ್ತದೆ. ಆದರೆ ಈ ವಿಧಾನಕ್ಕೆ ಗಣಕಯಂತ್ರವು ಓದಬಲ್ಲ ಅಕ್ಷರಗಳು ಅವಶ್ಯ.

ನಮ್ಮ ರಾಜ್ಯದ ಪರಿಸ್ಥಿತಿ ಭಿನ್ನವಾಗಿದೆ. ಭೂಮಿ ಯೋಜನೆಯಡಿ 2002ರ ವೇಳೆಗೆ ಪಹಣಿಗಳು ಗಣಕೀಕೃತಗೊಂಡವು. ಅದಕ್ಕೂ ಹಿಂದಿನ ಪಹಣಿಗಳು ಕೈಬರಹದಲ್ಲಿವೆ. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯು 2024ರಲ್ಲಿ ಆಯ್ದ ತಾಲ್ಲೂಕುಗಳಲ್ಲಿ ಆರಂಭಗೊಂಡು, 2025ರಲ್ಲಿ ಇತರೆ ತಾಲ್ಲೂಕುಗಳಿಗೂ ವಿಸ್ತರಿಸಲ್ಪಟ್ಟಿತು. ಇದರಿಂದ ಕಡತಗಳು ನಾಶವಾಗುವ ಹಾಗೂ ತಿದ್ದಲ್ಪಡುವ ಭಯ ಕಡಿಮೆಯಾಗುತ್ತದೆ. ಆದಾಗ್ಯೂ ಸ್ಕ್ಯಾನ್ ಮಾಡಿದ ಕೈಬರಹದ ಹಾಳೆಯು ಕೇವಲ ಚಿತ್ರವಾಗಿದ್ದು, ಅದರ ಶೋಧನೆಯು ನಮೂದಿಸಲಾದ ಸೂಚಿಯನ್ನೇ ಅವಲಂಬಿಸಿರುತ್ತದೆ. ಪೋಡಿಯಾದ ನಂತರದ ಹಿಸ್ಸಾ ನಂಬರಿನಿಂದ ಹುಡುಕಿದಲ್ಲಿ ಮೂಲ ಸರ್ವೆ ನಂಬರಿನ ಕಡತ ದೊರೆಯದೇ ಹೋಗಬಹುದು. ಒಬ್ಬರೇ ಖಾತೆದಾರರ ಹೆಸರು ಒಂದು ವಹಿಯಲ್ಲಿ ಚಿಕ್ಕಣ್ಣ ಎಂದೂ, ಮತ್ತೊಂದರಲ್ಲಿ ಚಿಕ್ಕಯ್ಯ ಎಂದೂ ಇದ್ದಲ್ಲಿ ಗಣಕಯಂತ್ರವು ಅವರನ್ನು ಇಬ್ಬರೆಂದೇ ಪರಿಗಣಿಸುತ್ತದೆ. ಗಣಕಯಂತ್ರದಲ್ಲಿ ದೊರೆಯದ ದಾಖಲೆಯು ಇಲ್ಲವೇ ಇಲ್ಲವೆಂದು ಭಾವಿಸತಕ್ಕದ್ದಲ್ಲ.

ಈ ಹಿನ್ನೆಲೆಯಲ್ಲಿ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

1. ಅರ್ಜಿಯಲ್ಲಿ ಹಳೆಯ ಹಾಗೂ ಹೊಸ ಸರ್ವೆ ನಂಬರು, ಗ್ರಾಮ, ಹೋಬಳಿ, ಅಂದಾಜು ವರ್ಷ ಮತ್ತು ಖಾತೆದಾರರ ಹೆಸರಿನ ಎಲ್ಲ ರೂಪಗಳನ್ನೂ ತಂದೆಯ ಹೆಸರಿನೊಂದಿಗೆ ನಮೂದಿಸುವುದು.

2. ಶೋಧನೆಯಲ್ಲಿ ದಾಖಲೆ ದೊರೆಯದಿದ್ದಲ್ಲಿ, ಮೂಲ ವಹಿಗಳನ್ನು ಪರಿಶೀಲಿಸುವಂತೆ ಲಿಖಿತವಾಗಿ ಕೋರುವುದು. ಆಗಲೂ ದೊರೆಯದಿದ್ದಲ್ಲಿ ಹಿಂಬರಹ ಪಡೆಯುವುದು. ಮೂಲ ದಾಖಲೆ ಕಳೆದುಹೋಗಿದೆಯೆಂದು ತೋರಿಸಿ, ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 60ರಡಿ ದ್ವಿತೀಯಕ ಸಾಕ್ಷ್ಯ ನೀಡಬೇಕಾದ ಸಂದರ್ಭದಲ್ಲಿ ಸದರಿ ಹಿಂಬರಹವು ನೆರವಾಗಬಹುದು.

3. ಸಾರ್ವಜನಿಕ ದಾಖಲೆಗಳಿಗೆ ಸಕ್ಷಮ ಅಧಿಕಾರಿಯಿಂದ ದೃಢೀಕೃತ ನಕಲನ್ನೇ ಪಡೆಯುವುದು. ಸದರಿ ಅಧಿನಿಯಮದ ಕಲಂ 75 ಮತ್ತು 76ರನ್ವಯ ನಿಗದಿತ ಶುಲ್ಕ ಪಾವತಿಸಿ ಪಡೆದ ಇಂತಹ ನಕಲನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬಹುದಾಗಿದೆ.

4. ಸ್ವಂತ ಮೊಬೈಲ್ ಅಥವಾ ಗಣಕಯಂತ್ರದಲ್ಲಿರುವ ಚಿತ್ರ ಹಾಗೂ ಸಂದೇಶಗಳ ಮುದ್ರಿತ ಪ್ರತಿಗೆ ಕಲಂ 63ರಡಿ ಪ್ರಮಾಣಪತ್ರ ಅವಶ್ಯವಿರುತ್ತದೆ. ಹಿಂದಿನ ಸಾಕ್ಷ್ಯ ಅಧಿನಿಯಮದ ಕಲಂ 65ಬಿ ಅಡಿಯಲ್ಲಿ ಇಂತಹ ಪ್ರಮಾಣಪತ್ರವು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿರುತ್ತದೆ. ದಿನಾಂಕ 1-7-2024ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿ ಸದರಿ ಪ್ರಮಾಣಪತ್ರವು ಎರಡು ಭಾಗಗಳನ್ನು ಹೊಂದಿದ್ದು, ಎರಡನೆಯ ಭಾಗವನ್ನು ತಜ್ಞರು ಭರ್ತಿ ಮಾಡಬೇಕಾಗುತ್ತದೆ.

5. ಸ್ಕ್ಯಾನ್ ಆಯಿತೆಂದು ಮನೆಯಲ್ಲಿರುವ ಮೂಲ ಪತ್ರಗಳನ್ನು ನಿರ್ಲಕ್ಷಿಸಬಾರದು. 30 ವರ್ಷ ಮೇಲ್ಪಟ್ಟ ಪತ್ರಗಳು ಸೂಕ್ತ ಅಭಿರಕ್ಷೆಯಿಂದ ಹಾಜರಾದಲ್ಲಿ, ಅವುಗಳ ಸಹಿ ಮತ್ತು ಬರಹದ ಬಗ್ಗೆ ನ್ಯಾಯಾಲಯವು ಕಲಂ 92ರಡಿ ಪೂರ್ವಭಾವನೆ ಮಾಡಿಕೊಳ್ಳಬಹುದು.

ತಂತ್ರಜ್ಞಾನವು ಹುಡುಕಾಟದ ಶ್ರಮವನ್ನು ತಗ್ಗಿಸುತ್ತದೆಯೇ ಹೊರತು ದಾಖಲೆಯ ಸತ್ಯಾಸತ್ಯತೆಯನ್ನು ನಿರ್ಣಯಿಸುವುದಿಲ್ಲ. ಆ ಅಧಿಕಾರವು ನ್ಯಾಯಾಲಯದ್ದಾಗಿರುತ್ತದೆ. ಸಾರ್ವಜನಿಕರು ದಾವೆ ಹೂಡುವ ಮುನ್ನವೇ ಅರ್ಜಿ ಸಲ್ಲಿಸಿ, ಪಡೆದ ನಕಲಿನ ಪ್ರತಿ ಪುಟವನ್ನೂ ಪರಿಶೀಲಿಸಿಕೊಂಡು, ತಮ್ಮ ಪ್ರಕರಣದ ಬಗ್ಗೆ ವಕೀಲರ ಸಲಹೆ ಪಡೆಯಬೇಕಾಗಿ ಕೋರಲಾಗಿದೆ. ವಕೀಲರನ್ನು ನೇಮಿಸಿಕೊಳ್ಳಲು ಅಶಕ್ತರಾದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದಾಗಿದೆ.